ಈದ ಒಂಟೆಯ ಆರೋಗ್ಯಪರೀಕ್ಷೆ
ರಾಜಸ್ಥಾನದ ಮರುಭೂಮಿಯಲ್ಲಿ ರಾಯಿಕರು ಸಾಕುವ ಹೆಣ್ಣೊಂಟೆಯು ಸುಮಾರು 13 ತಿಂಗಳು ಗರ್ಭವನ್ನು ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುವುದು. ಈ ಮರಿಗೆ ಅಮರಕೋಶದಲ್ಲಿ ಕರಭವೆಂದು ಹೆಸರು. ಈದ ಒಂಟೆಯ ಆರೋಗ್ಯವನ್ನು ಮೈಬಿಸಿಯೊಂದರಿಂದಲೇ ನಿರ್ಣಯಿಸಲಾಗದು. ಏಕೆಂದರೆ, ಬೇಸಗೆಯಲ್ಲಿ ನೀರು ದೊರೆಯದಿದ್ದಾಗ ಸ್ವಸ್ಥವಾದ ಒಂಟೆಯ ದೇಹೋಷ್ಣವೂ ಒಂದೇ ದಿನದಲ್ಲಿ 34ರಿಂದ 40 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರುವುದುಂಟು. ಆದುದರಿಂದ ಇತರ ಲಕ್ಷಣಗಳನ್ನೂ ಕೂಡಿಸಿ ನೋಡತಕ್ಕದ್ದು: ಮಾಸು ಕೆಲವು ಗಂಟೆಗಳೊಳಗೆ ಪೂರ್ಣವಾಗಿ ಬಿದ್ದಿತೇ, ಸ್ರಾವವು ದುರ್ಗಂಧಯುಕ್ತವೇ, ನಾಲ್ಕು ಮೊಲೆಗಳಲ್ಲಿ ಬಾವುಂಟೇ, ಮೇವು ಮೆಲುಕುಗಳು ಕ್ರಮವಾಗಿವೆಯೇ ಎಂದು. ತಾಯಿಯು ಮರಿಯನ್ನು ನೆಕ್ಕದಿರುವುದು ರೋಗವಲ್ಲ, ಜಾತಿಸ್ವಭಾವ. ಆದರೆ ಗಿಣ್ಣುಹಾಲು ಬತ್ತಿದರೆ ಅಪಾಯ; ರೋಗನಿರೋಧಕ ಶಕ್ತಿಯು ಮರಿಗೆ ಬಹುಮಟ್ಟಿಗೆ ಗರ್ಭದಲ್ಲಿ ದೊರೆಯದೆ ಆ ಹಾಲಿನಿಂದಲೇ ಬರುವುದು. ಹೀಗೆ ತಾಯಿಯ ಪರೀಕ್ಷೆಯೇ ಕರಭದ ರಕ್ಷೆ.