ಎಲ್ಲ ಕೀಲು ನೋವೂ ದುಡಿಮೆಯ ನೋವಲ್ಲ

ಕರಾವಳಿಯಿಂದ ಬಾಗಲಕೋಟೆ ಜಿಲ್ಲೆಗೆ ಬಂದವರು ಬೇಗ ಕಲಿಯುವ ಪದಗಳಲ್ಲಿ ‘ಬ್ಯಾನಿ’ ಒಂದು. ನಾವು ನೋವು ಅನ್ನುವುದನ್ನು ಇಲ್ಲಿನವರು ಬ್ಯಾನಿ ಅನ್ನುತ್ತಾರೆ. ಮೊಣಕಾಲ ಬ್ಯಾನಿ, ಟೊಂಕದ ಬ್ಯಾನಿ, ಕೀಲ ಬ್ಯಾನಿ. ಇಳಕಲ್‌ನಲ್ಲಿ ಮಕ್ಕಳಿಗೆ ಓದಿಸಿಕೊಂಡಿರುವ ನನಗೆ ಈ ಮಾತು ಕೇಳದ ದಿನವಿಲ್ಲ. ಯಾಕೆ ನೋವು ಅಂತ ಕೇಳಿದರೆ ಉತ್ತರವೂ ಒಂದೇ: “ಮಗ್ಗದ ಕೆಲಸ ಅಲ್ರೀ ಹಜರತ್, ಮತ್ತೇನ್ ಆಗತೈತಿ?”

ಇಳಕಲ್ ಸೀರೆಯ ಊರು. ಈ ಸೀರೆಗೆ 2007ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅದನ್ನು ನೇಯುವವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಗಂಟೆಗಟ್ಟಲೆ ಕೈಕಾಲು ಆಡಿಸುತ್ತಾರೆ. ಗುಳೇದಗುಡ್ಡದ ಖಣ ನೇಯುವವರ ಕಥೆಯೂ ಅದೇ. ನಮ್ಮ ದಕ್ಷಿಣ ಕನ್ನಡದಲ್ಲಿ ಮಗ್ಗದ ಜಾಗದಲ್ಲಿ ಬೀಡಿ ಇದೆ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೆಳಿಗ್ಗೆಯಿಂದ ರಾತ್ರಿವರೆಗೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮಲ್ಲಿ ಎಷ್ಟು ಮಂದಿ! ಬೆರಳು ನೋವು ಬಂದರೆ ಅವರದ್ದೂ ಅದೇ ಮಾತು: “ಬೀಡಿ ಕಟ್ಟಿ ಕಟ್ಟಿ ಹೀಗಾಯ್ತು.”

ದುಡಿದ ಕೈ ನೋಯುವುದು ನಿಜ. ಆದರೆ ಎಲ್ಲ ನೋವಿಗೂ ದುಡಿಮೆಯನ್ನೇ ಕಾರಣ ಮಾಡಿದರೆ, ಅದರ ಹಿಂದೆ ಅಡಗಿರುವ ಕಾಯಿಲೆಯೊಂದು ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ. ಗೊತ್ತಾಗುವ ಹೊತ್ತಿಗೆ ಬೆರಳು ಸೊಟ್ಟಗಾಗಿರುತ್ತದೆ. ಸೊಟ್ಟಗಾದ ಬೆರಳು ಮದ್ದಿನಿಂದ ನೆಟ್ಟಗಾಗುವುದಿಲ್ಲ.

ಬೆಳಿಗ್ಗೆ ಏನಾಗುತ್ತದೆ ನೋಡಿ

ನಮ್ಮ ಓಣಿಯ ಒಬ್ಬರು ತಾಯಿ, ಮಗ್ಗದವರು, ನಮ್ಮ ಮನೆಯವರ ಹತ್ತಿರ ಹೇಳಿದ ಮಾತಿದು: “ಮುಂಜಾನೆ ಎದ್ದ ಕೂಡ್ಲೆ ಬೆರಳ ಮಡಚಾಕ ಬರಂಗಿಲ್ರಿ. ರೊಟ್ಟಿ ಹಿಟ್ಟು ನಾದಾಕ ಆಗಂಗಿಲ್ಲ. ಹತ್ತು ಗಂಟೆ ಆದ ಮ್ಯಾಲ ಸಡ್ಲ ಆಗತೈತಿ.” ಈ ಮಾತಿನಲ್ಲೇ ಕಾಯಿಲೆಯ ಗುರುತು ಇದೆ.

ದುಡಿಮೆಯ ನೋವು, ಸವೆತದ ನೋವು ಸಾಮಾನ್ಯವಾಗಿ ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಸಂಧಿವಾತದ್ದು ಇದಕ್ಕೆ ಉಲ್ಟಾ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಮೇಲೂ ಬೆಳಿಗ್ಗೆ ಕೀಲುಗಳು ಬಿಗಿದುಕೊಂಡಿರುತ್ತವೆ. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಆ ಬಿಗಿತ ಇರುತ್ತದೆ. ಕೈ ಆಡಿಸಿದ ಮೇಲೆ ಸಡಿಲವಾಗುತ್ತದೆ. ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು, ಮಣಿಕಟ್ಟು ಇಂಥ ಸಣ್ಣ ಕೀಲುಗಳು ಹೆಚ್ಚಾಗಿ ಎರಡೂ ಕೈಗಳಲ್ಲಿ ಊದಿಕೊಳ್ಳುತ್ತವೆ. ಜೊತೆಗೆ ಸುಸ್ತು, ಕೆಲವರಿಗೆ ಸಣ್ಣ ಜ್ವರ. ಇದು ಆರು ವಾರ ದಾಟಿದರೆ ‘ವಾಯು’ ಅಂತ ಸುಮ್ಮನಿರಬಾರದು.

ಇದನ್ನು ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುತ್ತಾರೆ. ನಮ್ಮನ್ನು ಕಾಯಬೇಕಾದ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಸ್ವಂತ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮುದುಕರ ಕಾಯಿಲೆ ಅಂತ ತಿಳಿಯಬೇಡಿ, ಮೂವತ್ತು ನಲವತ್ತರ ಪ್ರಾಯದವರಿಗೂ ಬರುತ್ತದೆ.

ಎಷ್ಟು ಜನರಿಗೆ ಇದೆ? ಪುಣೆ ಜಿಲ್ಲೆಯ ಭಿಗವಣ್ ಎಂಬ ಹಳ್ಳಿಯಲ್ಲಿ ಡಾ. ಅರವಿಂದ್ ಚೋಪ್ರಾ ಅವರ ತಂಡ 1996ರಿಂದ ಮನೆಮನೆಗೆ ಹೋಗಿ ಲೆಕ್ಕ ಹಾಕಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮೂಳೆ, ಕೀಲು, ಸ್ನಾಯುವಿನ ನೋವಿನ ತೊಂದರೆ ಇತ್ತು. ಸಂಧಿವಾತ ಇದ್ದವರು ಇನ್ನೂರಕ್ಕೆ ಒಬ್ಬರ ಲೆಕ್ಕ. ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 18 ಲಕ್ಷದ 90 ಸಾವಿರ. ಭಿಗವಣ್ ಲೆಕ್ಕ ಇಲ್ಲಿಗೂ ಹೊಂದಿದರೆ ಈ ಒಂದೇ ಜಿಲ್ಲೆಯಲ್ಲಿ ಕೆಲವು ಸಾವಿರ ಮಂದಿಗೆ ಈ ಕಾಯಿಲೆ ಇರಬೇಕು. ಅವರಲ್ಲಿ ಎಷ್ಟು ಮಂದಿ “ಮಗ್ಗದ ನೋವು” ಅಂತ ಮುಲಾಮು ಹಚ್ಚಿಕೊಂಡು ಕೂತಿದ್ದಾರೋ!

ಯುವಕರ ಬೆನ್ನು ನೋವು

ನಮ್ಮ ಊರಿನ ಹುಡುಗರು ಬೇಕರಿ, ಹೋಟೆಲ್, ಅಂಗಡಿ ಅಂತ ಊರೂರು ಸೇರಿದ್ದಾರೆ. ಮೈದಾ ಮೂಟೆ ಹೊರುತ್ತಾರೆ, ಒಲೆಯ ಮುಂದೆ ನಿಲ್ಲುತ್ತಾರೆ. ಬೆನ್ನು ನೋವು ಬಂದರೆ ಮೂಟೆಯ ಮೇಲೆ ಹಾಕುತ್ತಾರೆ. ಆದರೆ ನಲವತ್ತು ದಾಟದ ಹುಡುಗನಿಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಸೊಂಟದ ಕೆಳಭಾಗ ನೋಯುತ್ತಿದ್ದರೆ, ನೋವಿಗೆ ಸುಬ್‌ಹಿಗೆ ಮುಂಚೆಯೇ ಎಚ್ಚರವಾಗುತ್ತಿದ್ದರೆ, ಮಲಗಿದರೆ ಹೆಚ್ಚಾಗಿ ನಡೆದಾಡಿದರೆ ಕಡಿಮೆಯಾಗುತ್ತಿದ್ದರೆ, ಅದು ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಆ್ಯಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬುದು ಅದರ ಹೆಸರು. ಬಿಟ್ಟರೆ ಬೆನ್ನು ಬಾಗಿ ಗಟ್ಟಿಯಾಗಿ, ಕತ್ತು ತಿರುಗಿಸಲೂ ಆಗದ ಸ್ಥಿತಿ ಬರುತ್ತದೆ. ಬೇಗ ಹಿಡಿದರೆ ಮದ್ದು ಮತ್ತು ವ್ಯಾಯಾಮದಿಂದ ಹತೋಟಿಯಲ್ಲಿ ಇಡಬಹುದು.

ನೀರು, ಸೊಳ್ಳೆ, ಗಂಟಲು

ಕೀಲು ನೋವಿಗೆ ಕಾರಣ ಒಂದೇ ಅಲ್ಲ. ಹುನಗುಂದ, ಇಳಕಲ್ ಭಾಗ ಕಲ್ಲಿನ ನಾಡು. ಇಲ್ಲಿನ ಕೆಂಪು ಗ್ರಾನೈಟ್ ದೂರ ದೂರಕ್ಕೆ ಹೋಗುತ್ತದೆ. ಇಂಥ ನೆಲದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿಯುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇಲ್ಲಿ ಮದ್ದಿಗಿಂತ ಮೊದಲು ನೀರು ಬದಲಾಗಬೇಕು.

ಚಿಕೂನ್‌ಗುನ್ಯಾ ನಮಗೆ ಯಾರಿಗೂ ಮರೆತಿಲ್ಲ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು, 2008ರಲ್ಲಿ ದಕ್ಷಿಣ ಕನ್ನಡದ ಮನೆಮನೆಯಲ್ಲಿ ಜನ ಗೋಡೆ ಹಿಡಿದು ನಡೆದರು. ಹೆಚ್ಚಿನವರಿಗೆ ನೋವು ಇಳಿಯಿತು. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಜ್ವರ ಬಿಟ್ಟು ಮೂರು ತಿಂಗಳಾದರೂ ಊತ ಇದ್ದರೆ “ಚಿಕೂನ್‌ಗುನ್ಯಾ ಬಾಕಿ” ಅಂತ ಬಿಡದೆ ತೋರಿಸಬೇಕು.

ಇನ್ನು ಮಕ್ಕಳು. ಮದ್ರಸದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗದೆ ಒದ್ದಾಡುವ ಮಗುವನ್ನು ತುಂಟ ಅಂತ ಗದರಿಸುವ ಮೊದಲು ನಾವು ಉಸ್ತಾದರು ಒಂದು ಮಾತು ಕೇಳಬೇಕು: ಎರಡು ಮೂರು ವಾರದ ಹಿಂದೆ ಗಂಟಲು ನೋವು ಬಂದಿತ್ತಾ? 5ರಿಂದ 15 ವರ್ಷದ ಮಕ್ಕಳಲ್ಲಿ ಒಂದು ಬಗೆಯ ಗಂಟಲು ಸೋಂಕಿನ ನಂತರ ರುಮ್ಯಾಟಿಕ್ ಜ್ವರ ಬರಬಹುದು. ಇವತ್ತು ಮೊಣಕಾಲು ಊದಿದರೆ ನಾಡಿದ್ದು ಹರಡು ಊದುತ್ತದೆ. ಕೀಲು ವಾಸಿಯಾಗುತ್ತದೆ. ಆದರೆ ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡುತ್ತದೆ. ಇದನ್ನು ತಡೆಯಲು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಾರೆ. ಹೃದಯಕ್ಕೆ ತಗಲದಿದ್ದರೂ 5 ವರ್ಷ ಅಥವಾ 18 ವಯಸ್ಸಿನವರೆಗೆ, ಯಾವುದು ಹೆಚ್ಚೋ ಅಲ್ಲಿಯವರೆಗೆ ಬೇಕು. ಹೃದಯಕ್ಕೆ ತಗಲಿದ್ದರೆ ಇನ್ನೂ ಹೆಚ್ಚು ಕಾಲ. ಮಗು ಆಟವಾಡುತ್ತಿದೆ, ಇನ್ನು ಯಾಕೆ ಸೂಜಿ ಅಂತ ಮನೆಯವರು ನಿಲ್ಲಿಸಬಾರದು.

ವೈದ್ಯರಿಗೂ ರೋಗಿಗೂ

ಈ ಕಾಯಿಲೆಗಳ ತಜ್ಞರನ್ನು ರುಮಟಾಲಜಿಸ್ಟ್ ಅನ್ನುತ್ತಾರೆ. ಇಂಥವರು ದೇಶದಲ್ಲೇ ಕಡಿಮೆ, ಇರುವವರೂ ಹೆಚ್ಚಾಗಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ದೊಡ್ಡ ಊರುಗಳಲ್ಲಿ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಆದರೆ ಬಾದಾಮಿ, ಹುನಗುಂದ, ಇಳಕಲ್‌ನ ರೋಗಿ ಮೊದಲು ಹೋಗುವುದು ಓಣಿಯ ವೈದ್ಯರ ಹತ್ತಿರ. ಹಾಗಾಗಿ ಕಾಯಿಲೆ ಬೇಗ ಸಿಕ್ಕಿಬೀಳಬೇಕಾದರೆ ಅವರ ಕಣ್ಣಿಗೇ ಬೀಳಬೇಕು. ಎಂಬಿಬಿಎಸ್ ಓದಿನಲ್ಲಿ ಈ ವಿಭಾಗಕ್ಕೆ ಸಿಗುವ ಸಮಯ ಕಡಿಮೆ. ತಜ್ಞರು ತಾಲೂಕು ಕೇಂದ್ರಗಳಿಗೆ ಬಂದು ಅಲ್ಲಿನ ವೈದ್ಯರೊಂದಿಗೆ ಕೂತು ಮಾತಾಡುವುದು, ಅದೇ ದಿನ ರೋಗಿಗಳಿಗೂ ಕನ್ನಡದಲ್ಲಿ ತಿಳಿಸಿ ಹೇಳುವುದು ಇದಕ್ಕಾಗಿಯೇ ಬೇಕು.

ರೋಗಿಗೆ ಗೊತ್ತಿರಬೇಕಾದ್ದೂ ಇದೆ. ರಕ್ತದ ‘ಆರ್‌ಎ ಫ್ಯಾಕ್ಟರ್’ ಪಾಸಿಟಿವ್ ಬಂದ ಮಾತ್ರಕ್ಕೆ ಸಂಧಿವಾತ ಅಲ್ಲ, ಆರೋಗ್ಯವಂತರಲ್ಲೂ ಬರುತ್ತದೆ. ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಕೈ ಮುಟ್ಟಿ ನೋಡಿ, ಕಥೆ ಕೇಳಿ, ಪರೀಕ್ಷೆಯನ್ನು ಅದರ ಜೊತೆ ಸೇರಿಸಿ ವೈದ್ಯರು ತೀರ್ಮಾನಿಸುತ್ತಾರೆ.

ಒಂದು ಸೂಜಿಗೆ, ಹೆಸರಿಲ್ಲದ ಒಂದು ಪುಡಿಗೆ ನೋವು ಮಾಯವಾದರೆ ಖುಷಿಪಡುವ ಮೊದಲು ಯೋಚಿಸಿ. ಅದರಲ್ಲಿ ಸ್ಟಿರಾಯ್ಡ್ ಇರಬಹುದು. ವೈದ್ಯರು ಲೆಕ್ಕ ಹಾಕಿ ಕೊಟ್ಟರೆ ಸ್ಟಿರಾಯ್ಡ್ ಒಳ್ಳೆಯ ಮದ್ದೇ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ನೋವಿನ ಮಾತ್ರೆಯನ್ನು ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಬರೀ ನೋವು ಇಳಿದರೆ ಸಾಲದು, ಕೀಲು ಉಳಿಯಬೇಕು.

ಕೀಲು ಉಳಿಸುವ ಮದ್ದುಗಳಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಬೆಲೆ ಹೆಚ್ಚಿಲ್ಲ. ಆದರೆ ಎಚ್ಚರ: ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತಗೊಳ್ಳುವುದು. ದಿನಾ ತಗೊಂಡರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಯಾವ ದಿನ ಅಂತ ವೈದ್ಯರಿಂದ ಕನ್ನಡದಲ್ಲಿ ಬರೆಸಿಕೊಳ್ಳಿ. ಜುಮಾ ದಿನ ಆಗಬಹುದಾ ಅಂತ ಕೇಳಿ, ನಮ್ಮವರಿಗೆ ಆ ದಿನ ಮರೆಯುವುದಿಲ್ಲ. ಫಲ ಕಾಣಲು ಕೆಲವು ವಾರ ಬೇಕು. ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರಿಗೆ ಇದು ಕೂಡದು, ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ತಂಬಾಕಿನ ಮಾತೂ ಹೇಳಬೇಕು. ಬೀಡಿ, ಸಿಗರೇಟು ಸೇದುವವರಿಗೆ ಸಂಧಿವಾತದ ಸಾಧ್ಯತೆ ಹೆಚ್ಚು. ಇಳಕಲ್‌ನ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಅಂತ ಬೇಡಿದವರು. ಈ ಊರಿನ ಆ ಜೋಳಿಗೆಗೆ ನಮ್ಮ ಬೀಡಿಯೂ ಬೀಳಲಿ.

ದೀನ್ ಕಷ್ಟ ಕೊಡುವುದಿಲ್ಲ

ನೋವಿದ್ದವರು ನನ್ನ ಹತ್ತಿರ ಹೆಚ್ಚು ಕೇಳುವುದು ನಮಾಝ್ ಬಗ್ಗೆ. ನಿಲ್ಲಲು ಆಗದವರು ಕೂತು ನಿರ್ವಹಿಸಬಹುದು, ಕೂರಲೂ ಆಗದವರು ಮಲಗಿ. ಕುರ್ಚಿಯಲ್ಲಿ ಕೂತವರು ಸುಜೂದ್‌ಗೆ ರುಕೂಗಿಂತ ಸ್ವಲ್ಪ ಹೆಚ್ಚು ಬಾಗಿದರೆ ಆಯ್ತು. ವುಝೂಗೆ ಬಿಸಿನೀರು ಬಳಸುವುದರಲ್ಲಿ ತಪ್ಪಿಲ್ಲ. ಮೊಣಕಾಲು ಊದಿದ ಉಮ್ಮ ಹಟ ಹಿಡಿದು ನೆಲಕ್ಕೆ ಕೂತು, ಏಳಲಾಗದೆ ಅಳುವ ಅಗತ್ಯವಿಲ್ಲ.

ರಮಝಾನ್‌ನಲ್ಲಿ ಮದ್ದು ಬಿಟ್ಟುಬಿಡುವವರಿದ್ದಾರೆ. ವಾರಕ್ಕೊಮ್ಮೆಯ ಮಾತ್ರೆಯನ್ನು ಇಫ್ತಾರ್ ನಂತರ ತಗೊಳ್ಳಬಹುದು. ಸ್ಟಿರಾಯ್ಡ್ ತಗೊಳ್ಳುತ್ತಿರುವವರು ಒಮ್ಮೆಗೇ ನಿಲ್ಲಿಸಿದರೆ ಅಪಾಯ. ಶಾಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು ಸಮಯ ಹೊಂದಿಸಿಕೊಳ್ಳಿ. ನೋಂಬು ಹಿಡಿಯಲು ಆಗದಷ್ಟು ಕಾಯಿಲೆ ಇದ್ದರೆ ನಂತರ ಖಳಾ ಮಾಡುವ ರಿಯಾಯಿತಿ ಇದೆ. ಹಿಜಾಮಾ ಮಾಡಿಸುವವರು ಮಾಡಿಸಲಿ, ಆದರೆ ವೈದ್ಯರಿಗೆ ತಿಳಿಸಿ, ಮದ್ದು ನಿಲ್ಲಿಸದೆ. ಸಬರ್ ಅಂದರೆ ಮದ್ದಿಲ್ಲದೆ ನರಳುವುದಲ್ಲ. ಮದ್ದು ಮಾಡುವುದು ತವಕ್ಕುಲ್‌ಗೆ ವಿರುದ್ಧವೂ ಅಲ್ಲ.

ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಆ ವಾರದ ಜುಮಾ ನಂತರ ಜಮಾಅತ್‌ನವರು ಒಬ್ಬ ವೈದ್ಯರನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಬಹುದು. ಹೆಂಗಸರಿಗೆ ಮದ್ರಸದಲ್ಲಿ ಬೇರೆ ವ್ಯವಸ್ಥೆ ಮಾಡಬೇಕು, ಯಾಕೆಂದರೆ ಈ ಕಾಯಿಲೆ ಹೆಚ್ಚು ಕಾಡುವುದು ಅವರನ್ನೇ, ಆಸ್ಪತ್ರೆಗೆ ಕೊನೆಗೆ ಹೋಗುವವರೂ ಅವರೇ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ನಾಳೆ ಸುಬ್‌ಹಿ ನಂತರ ಉಮ್ಮನ ಹತ್ತಿರ, ಮಡದಿಯ ಹತ್ತಿರ ಕೇಳಿ: ಕೈ ಮುಷ್ಟಿ ಕಟ್ಟಲು ಆಗುತ್ತದಾ? ಬಿಗಿತ ಬಿಡಲು ಎಷ್ಟು ಹೊತ್ತು ಬೇಕು? ಯಾವ ಗೆಣ್ಣು ಊದಿದೆ? ಎಷ್ಟು ವಾರದಿಂದ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು, ಈಗ ತಿನ್ನುತ್ತಿರುವ ಎಲ್ಲ ಮದ್ದುಗಳ ಹೆಸರನ್ನೂ ಸೇರಿಸಿ ವೈದ್ಯರ ಮುಂದಿಡಿ.