ಚಿನೂಕ್: ಹಳೆಯ ಯಂತ್ರಕ್ಕೆ ಹೊಸ ಆಯುಸ್ಸು

ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಮೇಲಿಂದ ಮೇಲೆ ಬಗ್ಗಿಸಿದರೆ ಅದು ಕೊನೆಗೆ ತುಂಡಾಗುವುದನ್ನು ನಾವೆಲ್ಲರೂ ನೋಡಿರುವೆವು. ಇದಕ್ಕೆ ಲೋಹದ ಬಳಲಿಕೆ ಎಂದು ಹೆಸರು. ಹಾರುವಾಗ ಸದಾ ನಡುಗುತ್ತಿರುವ ಹೆಲಿಕಾಪ್ಟರಿನ ದೊಡ್ಡ ಶತ್ರುಗಳಲ್ಲಿ ಇದೂ ಒಂದು. ಹೀಗಿದ್ದರೂ ಅಮೆರಿಕದ ಚಿನೂಕ್ ಹೆಲಿಕಾಪ್ಟರು 60 ವರ್ಷಗಳಿಗೂ ಮೀರಿ ಸೇನೆಯ ಭಾರವನ್ನು ಹೊರುತ್ತಲಿದೆ. ಈ ದೀರ್ಘಾಯುಸ್ಸಿನ ಗುಟ್ಟೇನೆಂಬುದನ್ನು ನೋಡೋಣ.

ಚಿನೂಕ್ ಮೊದಲು ಹಾರಿದುದು 1961ರ ಸೆಪ್ಟೆಂಬರ್ 21ರಂದು. ಇದಕ್ಕೆ ಮುಂದೊಂದು, ಹಿಂದೊಂದು, ಹೀಗೆ ಎರಡು ರೆಕ್ಕೆಚಕ್ರಗಳಿವೆ. ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಯಂತ್ರದ ಒಡಲು ಗಿರಕಿ ಹೊಡೆಯುವುದಿಲ್ಲ. ಬಾಲದಲ್ಲಿ ಬೇರೊಂದು ಚಿಕ್ಕ ರೆಕ್ಕೆಚಕ್ರವು ಬೇಕಿಲ್ಲದುದರಿಂದ ಆ ಶಕ್ತಿಯೂ ಭಾರವೆತ್ತುವುದಕ್ಕೇ ಸಲ್ಲುತ್ತದೆ.

ಹಳೆಯದಾಯಿತೆಂದು ಈ ಯಂತ್ರಗಳನ್ನು ಮೂಲೆಗೆ ತಳ್ಳಲಿಲ್ಲ. ಎ, ಬಿ, ಸಿ ಎಂಬ ಮಾದರಿಗಳ 400ಕ್ಕೂ ಹೆಚ್ಚು ಚಿನೂಕ್‌ಗಳನ್ನು ಕಾರ್ಖಾನೆಗೆ ಮರಳಿ ತರಿಸಿ, ಬಿಚ್ಚಿ, ದುರಸ್ತಿಮಾಡಿ, ಹೆಚ್ಚು ಬಲದ ಇಂಜಿನುಗಳನ್ನೂ ಗಾಜಿನ ನಾರಿನ ರೆಕ್ಕೆಗಳನ್ನೂ ಜೋಡಿಸಿದರು. 1982ರಲ್ಲಿ ಸೇವೆಗೆ ಬಂದ ಡಿ ಮಾದರಿಯು ಹೀಗೆ ಹುಟ್ಟಿತು. 2007ರಲ್ಲಿ ಬಂದ ಎಫ್ ಮಾದರಿಯಲ್ಲಿ, ರಿವೆಟ್ಟು ಹೊಡೆದು ಕೂಡಿಸಿದ ಅನೇಕ ಚಿಕ್ಕ ತಗಡುಗಳ ಬದಲಿಗೆ ಒಂದೇ ಗಟ್ಟಿಯಿಂದ ಕೊರೆದ ದೊಡ್ಡ ಭಾಗಗಳನ್ನಿಟ್ಟರು. ಕೀಲುಗಳು ಕಡಮೆಯಾದಂತೆ ನಡುಕವೂ ಕಡಮೆಯಾಗುತ್ತದೆ. ಮೊದಲ ಮಾದರಿಯು ತನ್ನ ತೂಕವೂ ಸೇರಿದಂತೆ ಸುಮಾರು 15,000 ಕಿಲೋಗ್ರಾಂನೊಡನೆ ಹಾರಬಲ್ಲುದಾಗಿತ್ತು. ಎಫ್ ಮಾದರಿಯು ಸುಮಾರು 22,700 ಕಿಲೋಗ್ರಾಂನೊಡನೆ ಹಾರಬಲ್ಲುದು.

ಆದರೆ ಹೊಸ ಭಾಗವನ್ನು ಜೋಡಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ, ಅದನ್ನು ಪರೀಕ್ಷಿಸಬೇಕು. ಲೋಹವು ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂಬುದನ್ನು ಅಳೆಯುವ ತೆಳು ಪಟ್ಟಿಗಳನ್ನು ಯಂತ್ರಕ್ಕೆ ಅಂಟಿಸುತ್ತಾರೆ. ಮೊದಲು ನೆಲದ ಮೇಲೆ ರೆಕ್ಕೆಗಳನ್ನು ತಿರುಗಿಸಿ, ಬಳಿಕ ಸ್ವಲ್ಪ ಎತ್ತರಕ್ಕೇರಿಸಿ, ಕೊನೆಗೆ ಭಾರ ಹೊರಿಸಿ ಹಾರಿಸುತ್ತಾರೆ. ಕಣ್ಣಿಗೆ ಕಾಣದ ಬಿರುಕುಗಳನ್ನು ಶಬ್ದಾತೀತ ತರಂಗಗಳಿಂದ ಹುಡುಕುತ್ತಾರೆ.

ಎಫ್ ಮಾದರಿಯ ಸುಧಾರಿತ ರೂಪವೊಂದು 2019ರಲ್ಲಿ ಮೊದಲು ಹಾರಿತು. ಅದಕ್ಕಾಗಿ ಹೊಸ ಆಕಾರದ ರೆಕ್ಕೆಗಳನ್ನು ರಚಿಸಿದ್ದರು. ಅವು ಸುಮಾರು 700 ಕಿಲೋಗ್ರಾಂ ಹೆಚ್ಚು ಭಾರವನ್ನೆತ್ತುವುವೆಂದು ನಿರೀಕ್ಷೆಯಿತ್ತು. ಪರೀಕ್ಷಾ ಹಾರಾಟಗಳಲ್ಲಾದರೋ ನಡುಕವು ಮಿತಿಮೀರಿತು. ವರ್ಷಗಳ ಶ್ರಮವು ವ್ಯರ್ಥವಾಗುವುದೆಂದು ಅಮೆರಿಕದ ಸೇನೆಯು ಹಿಂಜರಿಯಲಿಲ್ಲ. ಆ ರೆಕ್ಕೆಗಳನ್ನು ಕೈಬಿಟ್ಟು ಹಳೆಯವನ್ನೇ ಉಳಿಸಿಕೊಂಡಿತು. ನಡುಕವನ್ನು ಅಂದು ಕಡೆಗಣಿಸಿದ್ದರೆ ಅದರ ಬೆಲೆಯನ್ನು ಒಳಗೆ ಕುಳಿತವರು ತೆರಬೇಕಾಗುತ್ತಿತ್ತು.

ನಮ್ಮ ವಾಯುಸೇನೆಯೂ 2019ರ ಮಾರ್ಚ್ 25ರಂದು ಚಂಡೀಗಢದಲ್ಲಿ ಚಿನೂಕ್‌ಗಳನ್ನು ಸೇವೆಗೆ ಸೇರಿಸಿಕೊಂಡಿತು. ಹಿಮಾಲಯದ ಎತ್ತರಗಳಿಗೆ ಸೈನಿಕರನ್ನೂ ಸಾಮಗ್ರಿಯನ್ನೂ ಒಯ್ಯುವ ಈ ಯಂತ್ರಗಳ ಹಿಂದೆ ಇಂತಹ ಎಷ್ಟೋ ಪರೀಕ್ಷೆಗಳಿವೆ. ಪರೀಕ್ಷೆಯೆಂದರೆ ವಿದ್ಯಾರ್ಥಿಗಳಾದ ನಮಗೆ ಅಂಜಿಕೆ. ಆದರೆ ತಪ್ಪನ್ನು ನೆಲದ ಮೇಲಿರುವಾಗಲೇ ತೋರಿಸಿಕೊಡುವ ಪರೀಕ್ಷೆಯು ನಮ್ಮ ಶತ್ರುವಲ್ಲ, ಹಿತೈಷಿಯೆಂಬುದನ್ನು ಈ ಹಳೆಯ ಯಂತ್ರದಿಂದ ನಾವು ಕಲಿಯಬಹುದು.