ಕುರಿ ಕಂದು ಹಾಕಿದರೆ ಮನೆಯವರಿಗೂ ಎಚ್ಚರ ಬೇಕು

ಅಥಣಿ ತಾಲ್ಲೂಕಿನ ಸತ್ತಿ ಕೃಷ್ಣೆಯ ದಂಡೆಯ ಊರು. ಇಂಥ ಊರುಗಳ ಸೀಮೆಯಲ್ಲಿ ಕಬ್ಬಿನ ಜತೆಗೆ ಕುರಿಯೂ ಎಷ್ಟೋ ಮನೆಗಳ ಅನ್ನ. ದಖನಿ ಕುರಿ ಮರಿ ಕೊಡುತ್ತದೆ, ಕಂಬಳಿಗೆ ಉಣ್ಣೆ ಕೊಡುತ್ತದೆ, ಹೊಲದಲ್ಲಿ ನಿಂತರೆ ಗೊಬ್ಬರ ಕೊಡುತ್ತದೆ. ಕುರಿ ಗಬ್ಬ ಹೊರುವುದು ಸುಮಾರು ಐದು ತಿಂಗಳು. ನಾಲ್ಕು ತುಂಬಿದ ಮೇಲೆ ಒಂದು ಮುಂಜಾನೆ ಹಟ್ಟಿಯಲ್ಲಿ ಸತ್ತ ಮರಿ ಬಿದ್ದಿದ್ದರೆ, ಅಷ್ಟು ದಿನದ ಶ್ರಮ ಮಣ್ಣುಪಾಲು.

ಆಗ ನಾವು ಮಾಡುವುದೇನು? ಮನೆಯ ಹುಡುಗನನ್ನು ಕರೆದು, ‘ಅದನ್ನೊಯ್ದು ಬೇಲಿಯಾಚೆ ಒಗೆದು ಬಾ’ ಎನ್ನುತ್ತೇವೆ. ಹುಡುಗ ಬರಿಗೈಯಲ್ಲಿ ಎತ್ತುತ್ತಾನೆ. ಉಳಿದದ್ದನ್ನು ನಾಯಿ ಎಳೆದಾಡುತ್ತದೆ. ಅಪಾಯ ಇರುವುದು ಇಲ್ಲಿಯೇ.

ಒಂದು ಕುರಿ ಕಂದು ಹಾಕಿದರೆ ಗುದ್ದಾಟವೋ ಓಡಾಟದ ಆಯಾಸವೋ ಕಾರಣವಿರಬಹುದು. ಕೆಲವೇ ದಿನಗಳಲ್ಲಿ ಎರಡು ಮೂರು ಕುರಿಗಳು ಹಾಕಿದರೆ ದೃಷ್ಟಿ ತಾಗಿತೆಂದು ಸುಮ್ಮನಿರಬಾರದು. ಅದು ಅಂಟುರೋಗ ಇರಬಹುದು. ಬ್ರುಸೆಲ್ಲಾ ಎಂಬ ರೋಗಾಣು ಸಾಮಾನ್ಯವಾಗಿ ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಕಂದು ಹಾಕಿಸುತ್ತದೆ. ಕ್ಲಮೈಡಿಯಾ ಹೆಚ್ಚಾಗಿ ಕೊನೆಯ ಎರಡು ಮೂರು ವಾರಗಳಲ್ಲಿ ಕಾಡುತ್ತದೆ. ಟಾಕ್ಸೊಪ್ಲಾಸ್ಮಾ ಬೆಕ್ಕಿನ ಮಲದಿಂದ ಮೇವು ನೀರು ಸೇರುತ್ತದೆ. ಲಿಸ್ಟೀರಿಯಾಕ್ಕೆ ಕೆಟ್ಟ ರಸಮೇವು ದಾರಿ. ಪಿ.ಪಿ.ಆರ್. ರೋಗವೂ, ನುಸಿಗಳು ಹರಡುವ ನೀಲಿ ನಾಲಿಗೆ ರೋಗವೂ ಗಬ್ಬ ಕೆಡಿಸಬಲ್ಲವು. ಕಣ್ಣಿಗೆ ಕಾಣುವುದು ಒಂದೇ ಸತ್ತ ಮರಿ, ಕಾರಣ ಹತ್ತು.

ಇವುಗಳಲ್ಲಿ ಕೆಲವು ಮನುಷ್ಯರಿಗೂ ಅಂಟುತ್ತವೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಕಥೆ ಕೇಳಿ. ಅಲ್ಲಿ ಬ್ರಿಟಿಷ್ ಸೈನಿಕರು ಬಿಟ್ಟು ಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಅದರ ರೋಗಾಣುವನ್ನು ಕಂಡುಹಿಡಿದ. ಆದರೆ ಅದು ಎಲ್ಲಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ಆಗ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಎಂಬ ವೈದ್ಯ ಆಡುಗಳ ರಕ್ತ ಪರೀಕ್ಷಿಸಿದ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೇ ರೋಗಾಣು ಅಡಗಿತ್ತು! 1906ರಲ್ಲಿ ಸೈನಿಕರಿಗೆ ಆಡಿನ ಹಸಿ ಹಾಲು ನಿಲ್ಲಿಸಿದೊಡನೆ ಜ್ವರ ಇಳಿಯಿತು. ಬ್ರೂಸ್‌ನ ಹೆಸರೇ ಈ ರೋಗಕ್ಕೆ ಬಂತು.

ಸಂಜೆ ಏರುವ ಜ್ವರ, ರಾತ್ರಿ ಬೆವರು, ಕೀಲು ಸೊಂಟದ ನೋವು ಈ ರೋಗದ ಲಕ್ಷಣಗಳು. ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ತಪ್ಪು ತಿಳಿಯುವುದು ಸುಲಭ. ಆದ್ದರಿಂದ ವೈದ್ಯರ ಬಳಿ ಹೋದಾಗ ‘ನಮ್ಮ ಮನೆಯಲ್ಲಿ ಕುರಿ ಇದೆ, ಕಂದು ಹಾಕಿದೆ’ ಎಂದು ಹೇಳಲು ಮರೆಯಬೇಡಿ. ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ ಬಸುರಿಯರಿಗೆ ಹೆಚ್ಚು ಅಪಾಯಕಾರಿ. ಕುರಿ ಈಯುವ ಕಾಲದಲ್ಲಿ ಅವರು ಹಟ್ಟಿಯಿಂದ ದೂರವಿರಲಿ.

ಮಾಡಬೇಕಾದದ್ದು ಕಷ್ಟವೇನಲ್ಲ. ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ. ಕೈಗವಸು ಅಥವಾ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಮರಿ, ಕಸ (ಮಾಸು) ಮುಟ್ಟಿ. ಪಶುವೈದ್ಯರಿಗೆ ತಿಳಿಸಿ, ಅವರು ಮರಿ, ಕಸ, ತಾಯಿಯ ರಕ್ತದ ಮಾದರಿಯನ್ನು ಪರೀಕ್ಷೆಗೆ ಕಳಿಸಬಲ್ಲರು. ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಯಲಹಂಕದಲ್ಲಿ ಕೇಂದ್ರದ ನಿವೇದಿ ಸಂಸ್ಥೆ ಇವೆ. ಉಳಿದದ್ದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಕಾರಣ ತಿಳಿಯದೆ ಅಂಗಡಿಯಿಂದ ಔಷಧ ತಂದು ಚುಚ್ಚಬೇಡಿ. ಹಾಲನ್ನು ಕುದಿಸಿಯೇ ಕುಡಿಯಿರಿ.

ಕಠಿಣವಾದ ಮಾತು ಇನ್ನೊಂದಿದೆ. ಕಂದು ಹಾಕಿದ ಕುರಿಯನ್ನು ಸದ್ದಿಲ್ಲದೆ ಸಂತೆಗೆ ಹೊಡೆದರೆ ನಮ್ಮ ನಷ್ಟ ಕಡಿಮೆಯಾದಂತೆ ಕಾಣಬಹುದು. ಆದರೆ ರೋಗ ಇನ್ನೊಬ್ಬರ ಹಟ್ಟಿ ಸೇರುತ್ತದೆ. ನಾಳೆ ಅಲ್ಲಿಂದ ತಂದ ಟಗರಿನ ಜತೆಗೆ ನಮ್ಮ ಮನೆಗೇ ಮರಳಬಹುದು.

ಮಕ್ಕಳೇ, ಇಲ್ಲಿ ನಿಮಗೂ ಕೆಲಸವಿದೆ. ಹಳೆಯ ನೋಟ್‌ಬುಕ್ಕೊಂದನ್ನು ಹಟ್ಟಿಯ ಲೆಕ್ಕಕ್ಕೆ ಇಡಿ. ಟಗರು ಕೂಡಿದ ದಿನ, ಈದ ದಿನ, ಕಂದು ಹಾಕಿದ ದಿನ, ಹೊಸ ಕುರಿ ಬಂದ ದಿನ ಬರೆಯಿರಿ. ಪಶುವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಆ ನಾಲ್ಕು ಸಾಲಿನಲ್ಲೇ ಇರುತ್ತದೆ. ಸತ್ತ ಮರಿಯನ್ನು ಎತ್ತುವ ಕೈಗಿಂತ ಬರೆಯುವ ಕೈ ಹಿಂಡಿಗೆ ಹೆಚ್ಚು ಉಪಕಾರಿ.